ಅಲಾರಂ ಹೊಡೆದಾಗ ಏನು ಮಾಡ್ತಿದ್ದಿರಿ?

ಎರಡು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಕಾಗದ ಹಿಡಿದುಕೊಂಡು ಬಂದು ಕೇಳಿದಳು, "ಯಜಮಾನ್ರೇ, ದಿನಕ್ಕೆ ಎಷ್ಟು ಹೊತ್ತು ಮೈಮುರಿದು ಕೆಲಸ ಮಾಡ್ತೀರಾ?" ನಾನು ಹಿಂದೆಮುಂದೆ ನೋಡದೆ "ಎಂಟು ಗಂಟೆ" ಅಂದೆ. ಬರೆದುಕೊಂಡಳು. ಮಂಡಿನೋವು ತೋರಿಸಲು ಬಂದಿದ್ದ ನಮ್ಮಾಕೆ ಪಕ್ಕದಲ್ಲೇ ಕೂತಿದ್ದಳು. "ನೀವೇನು ಕೆಲಸ ಮಾಡ್ತೀರಮ್ಮಾ?" ಅಂದಳು. "ಏನೂ ಇಲ್ಲ ಕಣವ್ವ, ಮನೇಲಿರ್ತೀನಿ" ಅಂದಳು ನಮ್ಮಾಕೆ. ಅದನ್ನೂ ಬರೆದುಕೊಂಡಳು. ಒಳಗೆ ಡಾಕ್ಟರು ಎರಡೂ ಕಾಗದ ನೋಡಿದರು. ನನಗೆ "ಮೈಗೆ ಶ್ರಮ ಸಾಕಷ್ಟಾಗ್ತಿದೆ, ಮಾತ್ರೆ ತಗೊಳ್ಳಿ" ಅಂದರು. ಅವಳಿಗೆ "ಕೂತಲ್ಲೇ ಕೂರಬೇಡಿ, ದಿನಾ ಅರ್ಧ ಗಂಟೆ ನಡೀರಿ" ಅಂದರು.

ಅವತ್ತು ಬಸ್ಸಿಳಿದು ಊರಿಗೆ ಎರಡು ಮೈಲಿ ನಡೆದೇ ಬಂದೆವು. ಅವಳ ತಲೆ ಮೇಲೆ ಹಿಂಡಿ ಮೂಟೆ ಇತ್ತು. ನನ್ನ ಕೈಯಲ್ಲಿ ಮಾತ್ರೆ ಚೀಟಿ ಇತ್ತು.

ಡಾಕ್ಟರದು ತಪ್ಪು ಅನ್ನಲಾರೆ. ಅವರಿಗೆ ಸಿಕ್ಕಿದ್ದೇ ಆ ಕಾಗದ. ಸುಳ್ಳು ಹೇಳಿದವರು ನಾವು, ಅದೂ ಬೇಕಂತ ಹೇಳಿದ್ದಲ್ಲ. ನನ್ನ ತಲೆಯಲ್ಲಿ ರೈತ ಅಂದ್ರೆ ಎಂಟು ಗಂಟೆ ದುಡಿಯುವವನು. ಅವಳ ತಲೆಯಲ್ಲಿ ಕೆಲಸ ಅಂದ್ರೆ ಕೂಲಿ ಬರುವಂಥದ್ದು.

ಬೆಳೆ ಕಟಾವಿನ ಲೆಕ್ಕ

ಧಾರವಾಡದಲ್ಲಿ ಓದುವ ನಮ್ಮಣ್ಣನ ಮಗಳು ಕಳೆದ ಶ್ರಾವಣದಲ್ಲಿ ರಜಕ್ಕೆ ಬಂದಿದ್ದಳು. ಈ ಕತೆ ಹೇಳಿದಾಗ ನಕ್ಕು, "ಚಿಕ್ಕಪ್ಪ, ಹೋದ ವಾರ ಏನು ಮಾಡಿದ್ರಿ ಅಂತ ಕೇಳಿದ್ರೆ ಯಾರೂ ಸರಿಯಾಗಿ ಹೇಳಲ್ಲ. ಈಗ ಏನು ಮಾಡ್ತಿದ್ದೀರಿ ಅಂತ ಕೇಳಬೇಕು" ಅಂದಳು. ಹೊತ್ತಲ್ಲದ ಹೊತ್ತಿನಲ್ಲಿ ಅಲಾರಂ ಹೊಡೆಯುತ್ತದೆ. ಆ ಗಳಿಗೆಯಲ್ಲಿ ಮಾಡುತ್ತಿದ್ದುದನ್ನು ಅಲ್ಲೇ ಗುರುತು ಹಾಕಬೇಕು. ಇಷ್ಟೇ ಪದ್ಧತಿ.

ನನಗೆ ತಟ್ಟನೆ ಹೊಳೆದದ್ದು ಬೆಳೆ ಕಟಾವು. ಇಡೀ ಹೋಬಳಿಯ ಇಳುವರಿ ತಿಳಿಯಲು ಎಲ್ಲ ಹೊಲ ಕೊಯ್ದು ತೂಗುತ್ತಾರೆಯೇ? ಇಲ್ಲ. ರಾಗಿ, ಕಡ್ಲೆಕಾಯಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಗುರುತಿಸಿ ಅಷ್ಟನ್ನು ಮಾತ್ರ ಕಿತ್ತು ತೂಗುತ್ತಾರೆ. ಸರ್ವೆ ನಂಬರು, ಚೌಕದ ಜಾಗ ಎರಡೂ ಚೀಟಿ ಎತ್ತಿದ ಹಾಗೆ ಬಂದಿರುತ್ತವೆ. ಜಾಗ ಆರಿಸುವುದು ನಮಗೆ ಬಿಟ್ಟರೆ ವಿಮೆ ಆಸೆಗೆ ಒಣಗಿದ ಮೂಲೆಯನ್ನೇ ತೋರಿಸಿಬಿಡುತ್ತೇವೆ. (ನಾನೂ ತೋರಿಸಲು ನೋಡಿದ್ದೇನೆ, ಸುಳ್ಳೇಕೆ.) ದಿನಕ್ಕೂ ಇದೇ ಮಾತು. ನೆನಪಿಗೆ ಬಿಟ್ಟರೆ ಅದು ತನಗೆ ಬೇಕಾದ ಮೂಲೆಯನ್ನೇ ತೋರಿಸುತ್ತದೆ.

ಇದು ಇವತ್ತಿನ ಪದ್ಧತಿಯೇನಲ್ಲ. 1970ರ ದಶಕದಲ್ಲಿ ಅಮೆರಿಕದ ಶಿಕಾಗೋದಲ್ಲಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞರು ಜನರಿಗೆ ಪೇಜರ್ ಕೊಟ್ಟು, ಅದು ಕೂಗಿದಾಗಲೆಲ್ಲ ಏನು ಮಾಡ್ತಿದ್ದೀರಿ, ಮನಸ್ಸು ಹೇಗಿದೆ ಅಂತ ಬರೆಸಿದರು. 1994ರಲ್ಲಿ ಸ್ಟೋನ್ ಮತ್ತು ಶಿಫ್‌ಮನ್ ಎಂಬಿಬ್ಬರು ಈ ಬಗೆಯ ಅಳತೆಗೆ ಒಂದು ಉದ್ದನೆಯ ಹೆಸರು ಕೊಟ್ಟರು. ಅದು ನನ್ನ ನಾಲಿಗೆಗೆ ಹೊರಳಲಿಲ್ಲ, ನಾವು 'ಅಲಾರಂ ಲೆಕ್ಕ' ಅಂತಲೇ ಕರೆದೆವು.

ಸ್ಟೋನ್ ಅವರದೇ ಇನ್ನೊಂದು ಕೆಲಸವನ್ನು ಮಗಳು ಹೇಳಿದಳು. ಅದು ಹಾಜರಿ ಪುಸ್ತಕ ಇಟ್ಟವರೆಲ್ಲ ಕೇಳಬೇಕಾದ್ದು. ಬಹುದಿನದ ನೋವಿನಿಂದ ನರಳುವ ರೋಗಿಗಳಿಗೆ ಪುಸ್ತಕ ಕೊಟ್ಟು, ದಿನಾ ಇಂತಿಂಥ ಹೊತ್ತಿಗೆ ನೋವು ಎಷ್ಟಿದೆ ಬರೆಯಿರಿ ಅಂದರು. ಪುಸ್ತಕ ಯಾವಾಗ ತೆರೆದರು ಅನ್ನುವುದನ್ನು ಬೆಳಕಿನಿಂದ ಪತ್ತೆ ಹಚ್ಚುವ ಸಾಧನವೊಂದನ್ನು ಅದರೊಳಗೆ ಗುಟ್ಟಾಗಿ ಇಟ್ಟಿದ್ದರು. ರೋಗಿಗಳು ನೂರಕ್ಕೆ 90 ಪಾಲು ಹೊತ್ತಿಗೆ ಸರಿಯಾಗಿ ಬರೆದೆವು ಅಂದರು. ನಿಜವಾಗಿ ಹೊತ್ತಿಗೆ ಬರೆದದ್ದು 11 ಪಾಲು ಮಾತ್ರ. ಮಿಕ್ಕಿದ್ದನ್ನೆಲ್ಲ ಆಮೇಲೆ ಒಟ್ಟಿಗೆ ತುಂಬಿದ್ದರು. ಕೂಗುವ ಯಂತ್ರ ಕೊಟ್ಟವರಲ್ಲಿ 94 ಪಾಲು ಹೊತ್ತಿಗೆ ಬಂತು. ಇದು 2002ರಲ್ಲಿ ಪ್ರಕಟವಾಯಿತು. ನಮ್ಮ ಕಡೆ ವಾರದ ಹಾಜರಿಯನ್ನು ಶನಿವಾರ ಒಂದೇ ಪೆನ್ನಿನಲ್ಲಿ ತುಂಬುವುದು ನೆನಪಾಗಿ ನಗು ಬಂತು.

"ಜನ ಬಾಯಲ್ಲಿ ಹೇಳಿದ್ದನ್ನು ನಂಬೋದು ಹೇಗೆ?" ಅಂದೆ. ಅದನ್ನೂ ನೋಡಿದ್ದಾರಂತೆ. ಕ್ಯಾಲಿಫೋರ್ನಿಯಾದ ಜೆನೆವೀವ್ ಡಂಟನ್ ಎಂಬುವರು 9ರಿಂದ 13 ವರ್ಷದ ಮಕ್ಕಳಿಗೆ ನಾಲ್ಕು ದಿನ ಮೊಬೈಲು ಕೊಟ್ಟು ಹೀಗೇ ಕೇಳಿದರು. ಜೊತೆಗೆ ಮೈಯ ಚಲನೆ ಅಳೆಯುವ ಪುಟ್ಟ ಮೀಟರು ಕಟ್ಟಿದರು. ಮಗು "ಆಟ ಆಡ್ತಿದ್ದೆ" ಅಂದ ಹೊತ್ತಿನ ಆಚೀಚೆ ಮೀಟರಿನಲ್ಲೂ ಹೆಜ್ಜೆ ಜಾಸ್ತಿ ಇದ್ದವು. ಆ ಗಳಿಗೆಯಲ್ಲೇ ಕೇಳಿದರೆ ಮಾತು ಮೀಟರಿಗೆ ಹತ್ತಿರ ಬರುತ್ತದೆ ಅಂತಾಯಿತು. ಮೀಟರು ಹೆಜ್ಜೆ ಎಣಿಸುತ್ತದೆ, ಆದರೆ ಆ ಹೆಜ್ಜೆ ನೀರಿಗೋ ಜಾತ್ರೆಗೋ ಅಂತ ಹೇಳುವುದಿಲ್ಲ. ಅದನ್ನು ಮನುಷ್ಯನೇ ಹೇಳಬೇಕು.

ಸಂಚಿಯಲ್ಲಿ ಬೀಜ

ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ 15 ಗಂಟೆ. ಅದನ್ನು ಮೂರು ಮೂರು ಗಂಟೆಯ ಐದು ಪಾಲು ಮಾಡಿದೆವು. ಪಾಲಿಗೊಂದು ಚೀಟಿ ಎತ್ತಿ, ಬಂದ ಹೊತ್ತಿಗೆ ಮಗಳು ರಾತ್ರಿಯೇ ಎರಡು ಮೊಬೈಲಿಗೆ ಅಲಾರಂ ಇಡುತ್ತಿದ್ದಳು. ನನಗೊಂದು, ನಮ್ಮಾಕೆಗೊಂದು. ಯಾವಾಗ ಹೊಡೆಯುತ್ತದೆ ಅಂತ ನಮಗಿಬ್ಬರಿಗೂ ಗೊತ್ತಿಲ್ಲ. ದಿನಕ್ಕೆ ಐದರಂತೆ 14 ದಿನಕ್ಕೆ ತಲಾ 70 ಅಲಾರಂ.

ನಾನು ಏಳನೇ ಕ್ಲಾಸು ಓದಿದವನು, ಬರೆಯುತ್ತೇನೆ. ನಮ್ಮಾಕೆಗೆ ಅಕ್ಷರ ಬರದು. ಅದಕ್ಕೆ ಬೀಜದ ಲೆಕ್ಕ ಮಾಡಿದೆವು. ಕೂತಿದ್ದರೆ, ಮಲಗಿದ್ದರೆ ಹುಣಸೆ ಬೀಜ. ನಿಂತಲ್ಲೇ ಮಾಡುವ ಹಗುರ ಕೆಲಸಕ್ಕೆ ಅವರೆ ಕಾಳು. ನಡೆಯುವುದು, ಗುಡಿಸುವುದು, ಒಗೆಯುವುದಕ್ಕೆ ತೊಗರಿ. ಹೊರೆ ಹೊರುವುದು, ಅಗೆಯುವುದಕ್ಕೆ ಕಡ್ಲೆಬೀಜ. ಅಲಾರಂ ಹೊಡೆದ ಕೂಡಲೇ ಒಂದು ಬೀಜ ಎಲೆಅಡಿಕೆ ಸಂಚಿಗೆ ಹಾಕಬೇಕು. ರಾತ್ರಿ ಸಂಚಿ ಸುರುವಿ ಪುಸ್ತಕಕ್ಕೆ ಬರೆಯಬೇಕು. ಮೊದಲ ದಿನವೇ ಮೊಮ್ಮಗ ಕಡ್ಲೆಬೀಜ ತಿಂದುಬಿಟ್ಟ! ಅವತ್ತಿನ ಲೆಕ್ಕ ಕೈಬಿಟ್ಟು, ಕಡ್ಲೆಬೀಜದ ಬದಲು ಬೇವಿನ ಬೀಜ ಇಟ್ಟು ಮಾರನೇ ದಿನದಿಂದ ಹೊಸದಾಗಿ ಎಣಿಸಿದೆವು. ಹರಳು ಬೀಜ ಇಡೋಣ ಅಂದಿದ್ದೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ ಅಂತ ನಮ್ಮಾಕೆಯೇ ಬಿಡಿಸಿದಳು.

ಮೂರನೇ ದಿನ ಜಗಳ ಬಂತು. ಕಡ್ಲೆಕಾಯಿ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕಳೆ ಕೀಳುತ್ತಿದ್ದಾಗ ಅಲಾರಂ ಹೊಡೆಯಿತು. ಯಾವ ಬೀಜ? ನಾನು "ಕೂತಿದ್ದೀಯಲ್ಲ, ಹುಣಸೆ ಹಾಕು" ಅಂದೆ. "ಹಂಗಂದ್ರೆ ನೀನೂ ಬಂದು ಹಿಂಗೇ ಕೂತ್ಕೊ, ಒಂದು ಸಾಲು ಆಗೋವರ್ಗೂ" ಅಂದಳು. ಅರ್ಧ ಸಾಲಿಗೆ ತೊಡೆ ನಡುಗಿತು. ಈ ಪದ್ಧತಿ ಹುಟ್ಟಿದ ದೇಶಗಳಲ್ಲಿ ಕೂರುವುದು ಅಂದ್ರೆ ಕುರ್ಚಿ, ಟೀವಿ. ನಮ್ಮ ಹೆಂಗಸರಿಗೆ ಕೂರುವುದೇ ಅರ್ಧ ಕೆಲಸ. ಪೃಷ್ಠ ನೆಲಕ್ಕೆ ಊರಿದ್ದರೆ ಹುಣಸೆ, ಕುಕ್ಕರುಗಾಲಾದರೆ ಅವರೆ, ಜೊತೆಗೆ ಪುಸ್ತಕದಲ್ಲಿ ಒಂದು ಅಡ್ಡಗೀಟು ಅಂತ ತೀರ್ಮಾನವಾಯಿತು. ಆ ಅಡ್ಡಗೀಟೇ ಕೊನೆಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು.

ಬಂದ ಫಲ

ನಾನು 70ರಲ್ಲಿ 61ಕ್ಕೆ ಗುರುತು ಹಾಕಿದ್ದೆ. ಕೂತದ್ದು, ಮಲಗಿದ್ದು 27. ಹಗುರ ಕೆಲಸ 15. ನಡೆಯುವಂಥದ್ದು 12. ಭಾರದ ಕೆಲಸ ಬರೀ 7. ಲೆಕ್ಕ ಸುಲಭ. 7ನ್ನು 61ರಿಂದ ಭಾಗಿಸಿ 15 ಗಂಟೆಯಿಂದ ಗುಣಿಸಿದರೆ ಸುಮಾರು ಒಂದೂಮುಕ್ಕಾಲು ಗಂಟೆ. ಕಳೆ, ಎಡೆ ಹೊಡೆಯುವ ಸುಗ್ಗಿಯಂಥ ಶ್ರಾವಣದಲ್ಲೇ ನನ್ನ 'ಎಂಟು ಗಂಟೆ' ಇಷ್ಟಕ್ಕೆ ಇಳಿಯಿತು.

ನಮ್ಮಾಕೆಯದು 56 ಬೀಜ. ಹುಣಸೆ 9, ಅವರೆ 22, ತೊಗರಿ 19, ಬೇವು 6. ನಡೆಯುವುದು, ಹೊರುವುದು ಎರಡೂ ಸೇರಿಸಿದರೆ ಅವಳದು ಆರೂಮುಕ್ಕಾಲು ಗಂಟೆ ಹತ್ತಿರ ಬಂತು. ನನ್ನದು ನಾಲ್ಕು ಗಂಟೆ ನಲವತ್ತು ನಿಮಿಷ. 'ಮನೇಲಿರ್ತೀನಿ' ಅಂದವಳ ಲೆಕ್ಕ ಇದು.

ಇಲ್ಲಿಗೇ ಮುಗಿಯಲಿಲ್ಲ. ಅವಳದು 14 ಅಲಾರಂ ತಪ್ಪಿದ್ದವು, ನನ್ನದು 9. ತಪ್ಪಿದ್ದು ತಪ್ಪಿತು ಅಂತ ಬಿಡೋಣ ಅಂದೆ. ಮಗಳು ಬಿಡಲಿಲ್ಲ. ಆಗ ಎಲ್ಲಿದ್ದಿರಿ ಅಂತ ಸಂಜೆ ಕೇಳಿ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದಳು. ನನ್ನ 9ರಲ್ಲಿ ನಾಲ್ಕು ಸಲ ಮಧ್ಯಾಹ್ನದ ನಿದ್ದೆ, ಮೂರು ಸಲ ಟೀ ಅಂಗಡಿ ಗದ್ದಲ, ಎರಡು ಸಲ ಬೈಕು. ಅವಳ 14ರಲ್ಲಿ 9 ಸಲ ತಲೆ ಮೇಲೋ ಸೊಂಟದ ಮೇಲೋ ಭಾರ. ನಮ್ಮೂರ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಕುಡಿಯಲು ಶುದ್ಧ ನೀರಿನ ಘಟಕದಿಂದಲೇ ತರಬೇಕು. ಕೊಡ ಹೊತ್ತವಳು ಸಂಚಿ ಬಿಚ್ಚುವುದು ಹೇಗೆ? ಹುಲ್ಲಿನ ಹೊರೆ ಹೊತ್ತಾಗ ಅಲಾರಂ ಕೇಳಿಸುವುದಾದರೂ ಹೇಗೆ?

ಈ ಪದ್ಧತಿಯ ದೊಡ್ಡ ತೂತು ಇದೇ ಅಂತ ನನಗನ್ನಿಸಿತು. ಉತ್ತರ ಬಾರದ ಹೊತ್ತು ಉತ್ತರ ಬಂದ ಹೊತ್ತಿನಂತೆಯೇ ಇರುವುದಿಲ್ಲ. ಕೈ ಖಾಲಿ ಇದ್ದವನು ಗುರುತು ಹಾಕುತ್ತಾನೆ, ಕೈ ತುಂಬಾ ಕೆಲಸ ಇದ್ದವಳು ಲೆಕ್ಕದಿಂದ ಜಾರುತ್ತಾಳೆ. ಆ 9ನ್ನೂ ಸೇರಿಸಿದರೆ ಅವಳ ಭಾರದ ಕೆಲಸ ಒಂದು ಗಂಟೆ ಮೂವತ್ತಾರು ನಿಮಿಷದಿಂದ ಸುಮಾರು ಮೂರೂವರೆ ಗಂಟೆಗೆ ಏರುತ್ತದೆ. ಆದರೆ ಅದು ಸಂಜೆಯ ನೆನಪಿನಿಂದ ಬಂದದ್ದು, ಒಟ್ಟಿಗೆ ಕೂಡಬಾರದು ಅಂದಳು ಮಗಳು. ಎರಡನ್ನೂ ಬೇರೆ ಬೇರೆ ಸಾಲಿನಲ್ಲೇ ಬರೆದಿದ್ದೇವೆ.

ಸರ್ಕಾರವೂ ಜನರ ಹೊತ್ತಿನ ಲೆಕ್ಕ ಹಿಡಿದಿದೆ. 2019ರಲ್ಲಿ ದೇಶದಾದ್ಯಂತ ಮನೆಮನೆಗೆ ಹೋಗಿ ಹಿಂದಿನ ದಿನ ಬೆಳಗಿನ ಜಾವ 4ರಿಂದ ಮಾರನೇ ದಿನ 4ರವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಅಂತ ಕೇಳಿದರು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರಿಗೆ ಅದಕ್ಕೇ ದಿನಕ್ಕೆ 299 ನಿಮಿಷ, ಗಂಡಸರಿಗೆ 97 ನಿಮಿಷ ಅಂತ ಬಂತು. 2024ರ ಲೆಕ್ಕದಲ್ಲಿ 289 ಮತ್ತು 88. ಇದು ಹೊತ್ತಿನ ಲೆಕ್ಕ ಮಾತ್ರ, ಮೈಮೇಲೆ ಬಿದ್ದ ಭಾರದ ಲೆಕ್ಕವಲ್ಲ. ಅನ್ನ ಬಸಿಯುವ ಅರ್ಧ ಗಂಟೆಯೂ ಮೂರು ಕೊಡ ನೀರು ತರುವ ಅರ್ಧ ಗಂಟೆಯೂ ಅದರಲ್ಲಿ ಒಂದೇ.

ಬೇಸಿಗೆಯಲ್ಲಿ ಒಂದು ವಾರ ನನ್ನದನ್ನು ಮತ್ತೆ ಹಿಡಿದೆ. 31 ಗುರುತಿನಲ್ಲಿ 21 ಕೂತದ್ದು, ಮಲಗಿದ್ದು. ಭಾರದ್ದು ಒಂದೂ ಇಲ್ಲ. ಒಂದು ವಾರದ ಲೆಕ್ಕ ತೀರಾ ಸಣ್ಣದು, ಒಂದು ಗುರುತು ಆಚೀಚೆ ಆದರೆ ದಿನಕ್ಕೆ ಅರ್ಧ ಗಂಟೆ ಏರುಪೇರು. ಆದರೂ ಹತ್ತು ಗಂಟೆ ಕೂತಿರುತ್ತೇನೆ ಅನ್ನುವುದು ಕಣ್ಣಿಗೆ ಹೊಡೆಯಿತು. ಮುದ್ದೆ ಮಾತ್ರ ಶ್ರಾವಣದಲ್ಲಿ ತಿಂದಷ್ಟೇ ತಿನ್ನುತ್ತಿದ್ದೆ.

ಪುಸ್ತಕ ಹಿಡಿದು ಆಸ್ಪತ್ರೆಗೆ

ಮುಂದಿನ ಸಲ ಪುಸ್ತಕ ತೆಗೆದುಕೊಂಡೇ ಹೋದೆವು. ಡಾಕ್ಟರು ಸಮಾಧಾನದಿಂದ ತಿರುವಿ ಹಾಕಿದರು. ನನ್ನ ಬೇಸಿಗೆ ಹಾಳೆ ನೋಡಿ, ರಾತ್ರಿ ಮುದ್ದೆ ಅರ್ಧ ಮಾಡಿ, ಹೊಲದಲ್ಲಿ ಕೆಲಸವಿಲ್ಲದ ತಿಂಗಳಲ್ಲಿ ಬೆಳಿಗ್ಗೆ ನಡೀಲೇಬೇಕು ಅಂದರು. ನಮ್ಮಾಕೆಯ ಅಡ್ಡಗೀಟು ಏನು ಅಂತ ಕೇಳಿದರು. ಅವಳ 22 ಅವರೆಯಲ್ಲಿ 13ಕ್ಕೆ ಗೀಟಿತ್ತು, ಅಂದ್ರೆ ದಿನಕ್ಕೆ ಮೂರೂವರೆ ಗಂಟೆ ಹತ್ತಿರ ಕುಕ್ಕರುಗಾಲು. ನಡೀರಿ ಅಂದಿದ್ದ ಚೀಟಿಯನ್ನು ಅವರೇ ಹೊಡೆದುಹಾಕಿ, ಮಂಡಿ ಮಡಿಸಿ ಕೂರುವುದನ್ನೂ ಭಾರವನ್ನೂ ಮೊದಲು ಕಡಿಮೆ ಮಾಡಿ ಅಂತ ಬರೆದರು.

ಈಗ ಕುಡಿಯುವ ನೀರಿನ ಕ್ಯಾನು ನಾನೇ ಬೈಕಿನಲ್ಲಿ ತರುತ್ತೇನೆ. ಒಲೆಯನ್ನು ಸೊಂಟದೆತ್ತರಕ್ಕೆ ಕಟ್ಟಿಸಿದೆವು. ಸಾಲಿನ ಕಳೆಗೆ ಸೈಕಲ್ ಎಡೆಕುಂಟೆ ತಂದಿದ್ದೇನೆ, ಬುಡದ ಕಳೆಯನ್ನು ಮಾತ್ರ ಕೈಯಲ್ಲಿ ಕೀಳಬೇಕು. ನೋವು ಹೋಗಿಲ್ಲ. ಹಟ್ಟಿ ಕಸ ಬಾಚುವುದು, ಹುಲ್ಲಿನ ಹೊರೆ ಇನ್ನೂ ಅವಳ ಮೇಲೇ ಇವೆ.

ಮಾಡಿ ನೋಡುವವರಿಗೆ ಎರಡು ಮಾತು. ಮೊದಲ ಎರಡು ದಿನ ಯಾವಾಗ ಹೊಡೆಯುತ್ತದೋ ಅಂತ ನಾನು ಸುಮ್ಮನೆ ಕೂರಲೇ ಇಲ್ಲ, ಇಲ್ಲದ ಕೆಲಸ ಹುಡುಕಿಕೊಂಡು ಓಡಾಡಿದೆ. ಹಾಗಾಗಿ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು ಮೊದಲ ಎರಡರ ಲೆಕ್ಕ ಬಿಟ್ಟುಬಿಡಿ, ನಾವು ಬಿಡದೆ ತಪ್ಪಿದೆವು. ಇನ್ನೊಂದು, ಎತ್ತು ಹೂಡಿದಾಗ, ಒಕ್ಕುವ ಯಂತ್ರದ ಹತ್ತಿರ, ಬೈಕಿನ ಮೇಲೆ ಇದ್ದಾಗ ಅಲಾರಂ ಹೊಡೆದರೆ ಕೈ ಹಾಕಲೇಬೇಡಿ.

ಬರುವ ಕಡ್ಲೆಕಾಯಿ ಕೀಳುವ ಹೊತ್ತಿಗೆ ಸೊಸೆಗೂ ಒಂದು ಸಂಚಿ ಹೊಲಿದಿದ್ದಾಳೆ ನಮ್ಮಾಕೆ. ಬೀಜ ಬಿಡಿಸುವಾಗ ಹುಣಸೆಯೋ ಅವರೆಯೋ ಅಂತ ಇಬ್ಬರಿಗೂ ಈಗಲೇ ವಾದ ನಡೆದಿದೆ.