ಪರದೆಯ ಮೇಲಿನ ತೋಟಗಾರ

ಬೆಂಗಳೂರಿನವರಿಗಿಂತ ಮೊದಲೇ ನಮ್ಮ ಸೀಮೆಯ ಹಳ್ಳಿಗರು ಟೆಲಿವಿಷನ್ ನೋಡಿದರು ಎಂದರೆ ವಿದ್ಯಾರ್ಥಿ ಮಿತ್ರರು ನಕ್ಕಾರು. ಆದರೆ ಇದು ನಡೆದ ಸಂಗತಿ. ೧೯೭೫ನೆಯ ಇಸವಿ ಆಗಸ್ಟ್ ೧ರಂದು, ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-೬ ಎಂಬ ಉಪಗ್ರಹದ ಮೂಲಕ, ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಚಿತ್ರ ಮತ್ತು ಧ್ವನಿಯನ್ನು ಕಳುಹಿಸುವ ಪ್ರಯೋಗ ಆರಂಭವಾಯಿತು. ಅದಕ್ಕೆ ‘ಸೈಟ್’ ಎಂದು ಹೆಸರು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಿದುದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲಬರ್ಗಾ ಜಿಲ್ಲೆಗೇ ಸೇರಿದ್ದವು. ಯಾದಗಿರಿ ಬೇರೆ ಜಿಲ್ಲೆಯಾದುದು ೨೦೦೯ರಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದುದು ೧೯೮೧ರಲ್ಲಿ.

ಹಳ್ಳಿಯ ಶಾಲೆಯಲ್ಲಿಯೋ ಪಂಚಾಯಿತಿ ಕಟ್ಟೆಯಲ್ಲಿಯೋ ಒಂದು ಪೆಟ್ಟಿಗೆ. ಅದರ ಪಕ್ಕದಲ್ಲಿ ಕೋಳಿ ಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಬೋಗುಣಿಯಂಥ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಯ ಮಾತು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ಅಲ್ಲಿ ಚಿತ್ರಿಸಿದುದು ಅಹಮದಾಬಾದಿನ ಭೂಕೇಂದ್ರದಿಂದ ಆಕಾಶಕ್ಕೇರಿ, ಮರಳಿ ನಮ್ಮ ಹಳ್ಳಿಯ ಬಯಲಿಗೆ ಇಳಿಯುತ್ತಿತ್ತು. ವಿಜ್ಞಾನದ ವಿಸ್ಮಯಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ? ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಪರದೆಯ ಮೇಲೆ ನಿಂತು ‘ಹೀಗೆ ಬಿತ್ತಿರಿ, ಹೀಗೆ ನೆಡಿರಿ’ ಎಂದವರ ಮಾತನ್ನು ಹಳ್ಳಿಯವನು ನಂಬಬೇಕಾದುದು ಯಾತಕ್ಕೆ? ತನ್ನ ಹೊಲದ ಬದುವಿನಲ್ಲಿ ನಿಂತು ಹೇಳಿದವನ ಮಾತನ್ನೇ ಅವನು ಎರಡು ಸಲ ತೂಗಿ ನೋಡುತ್ತಾನೆ. ನಂಬುಗೆ ಬೆಳೆಯಲು ಒಂದೇ ಮುಖವನ್ನು ಹಲವು ಮಳೆಗಾಲ ನೋಡಬೇಕು. ‘ಸೈಟ್’ ಪ್ರಯೋಗದ ಆಯುಸ್ಸೋ ಒಂದೇ ವರುಷ. ೧೯೭೬ ಜುಲೈ ೩೧ಕ್ಕೆ ಅದು ಮುಗಿಯಿತು. ೧೯೭೭ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಿತೆಂಬುದು ನಿಜ. ಆದರೆ ‘ನಮ್ಮ ತೋಟದ ಮೇಷ್ಟ್ರು’ ಎಂದು ಮನೆಮನೆಯವರೂ ಕರೆಯುವಂಥ ಒಬ್ಬ ವ್ಯಕ್ತಿ ಪರದೆಯ ಮೇಲೆ ಮೂಡುವುದು ಕೇಂದ್ರ ಕಟ್ಟಿದಷ್ಟು ಸುಲಭವಲ್ಲ.

ಅಂಥ ವ್ಯಕ್ತಿ ಹೇಗೆ ಮೂಡುತ್ತಾನೆ, ಹೇಗೆ ಬೆಳೆಯುತ್ತಾನೆ, ಎಲ್ಲಿ ಎಡವುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಆಂಗ್ಲರ ನಾಡಿನ ಪರ್ಸಿ ಥ್ರೋವರ್ ಅವರ ಬಾಳನ್ನು ನೋಡಬೇಕು. ತೋಟಗಾರಿಕೆಯನ್ನು ಟೆಲಿವಿಷನ್ನಿನಲ್ಲಿ ಮೊತ್ತಮೊದಲು ಹೇಳಿದವರು ಅವರಲ್ಲ. ೧೯೩೧ರಿಂದ ಬಿ.ಬಿ.ಸಿ. ಬಾನುಲಿಯಲ್ಲಿ ತೋಟದ ಮಾತನಾಡುತ್ತಿದ್ದ ಮಿಡಲ್‌ಟನ್ ಎಂಬವರು, ೧೯೩೬ರಲ್ಲಿ ಟೆಲಿವಿಷನ್ ಆರಂಭವಾದೊಡನೆಯೇ ಲಂಡನ್ನಿನ ಅಲೆಕ್ಸಾಂಡ್ರಾ ಅರಮನೆಯ ಬಳಿ ಒಂದು ತೋಟ ಮಾಡಿ ತೋರಿಸಿದ್ದರು. ಯುದ್ಧ ಬಂದಿತು, ಟೆಲಿವಿಷನ್ ನಿಂತಿತು. ೧೯೪೫ರಲ್ಲಿ ಮಿಡಲ್‌ಟನ್ ತೀರಿಕೊಂಡರು. ಆ ಸ್ಥಾನವನ್ನು ಮುಂದೆ ತುಂಬಿದವರು ಥ್ರೋವರ್.

ಥ್ರೋವರ್ ಹುಟ್ಟಿದುದು ೧೯೧೩ ಜನವರಿ ೩೦ರಂದು, ಬಕಿಂಗ್‌ಹ್ಯಾಮ್‌ಶೈರಿನ ಹಾರ್ವುಡ್ ಹೌಸ್ ಎಂಬ ಸಿರಿವಂತರ ಬಂಗಲೆಯ ಆವರಣದಲ್ಲಿ. ತಂದೆ ಅಲ್ಲಿಯ ಮುಖ್ಯ ತೋಟಗಾರ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಮುಗಿಯಿತು. ತಂದೆಯ ಕೈಕೆಳಗೆ ಕೆಲಸ ಮೊದಲಾಯಿತು. ಕುಂಡ ತೊಳೆಯುವುದು, ಕಸ ಗುಡಿಸುವುದು, ಒಲೆಗೆ ಕಲ್ಲಿದ್ದಲು ಹಾಕುವುದು ಇಂಥ ಹುಡುಗರ ಪಾಲಿನ ಪಠ್ಯಕ್ರಮ. ೧೯೩೧ರಲ್ಲಿ ವಿಂಡ್ಸರ್ ಅರಮನೆಯ ತೋಟ ಸೇರಿ, ಅವಿವಾಹಿತ ತೋಟಗಾರರ ವಸತಿಯಲ್ಲಿ ಇತರ ತರುಣರೊಡನೆ ಇದ್ದುಕೊಂಡು ದುಡಿದರು. ಅಲ್ಲಿಯ ಮುಖ್ಯ ತೋಟಗಾರರ ಮಗಳು ಕಾನೀ ಮುಂದೆ, ೧೯೩೯ರಲ್ಲಿ, ಅವರ ಕೈಹಿಡಿದರು. ವಿಂಡ್ಸರಿನಿಂದ ೧೯೩೫ರಲ್ಲಿ ಲೀಡ್ಸ್ ನಗರದ ಉದ್ಯಾನ ಇಲಾಖೆಗೆ, ಅಲ್ಲಿಂದ ಡರ್ಬಿಗೆ ಹೋದರು. ಅರಸನ ತೋಟ ಬಿಟ್ಟು ಪುರಸಭೆಯ ತೋಟಕ್ಕೆ ಬಂದುದು ಮೇಲ್ನೋಟಕ್ಕೆ ಇಳಿತದಂತೆ ಕಂಡೀತು. ಆದರೆ ಥ್ರೋವರರ ಮುಂದಿನ ಬಾಳಿಗೆ ಬೇಕಾದ ವಿದ್ಯೆ ಅಲ್ಲಿಯೇ ದೊರೆಯಿತು. ಅರಸನ ತೋಟದಲ್ಲಿ ಗಿಡದೊಡನೆ ಮಾತು. ಊರಿನ ತೋಟದಲ್ಲಿ ಜನರೊಡನೆ ಮಾತು. ಯುದ್ಧಕಾಲದಲ್ಲಿ ಆ ದೇಶದಲ್ಲಿ ಆಹಾರದ ಅಭಾವ. ‘ಗೆಲುವಿಗಾಗಿ ಅಗೆಯಿರಿ’ ಎಂಬ ಚಳುವಳಿ ನಡೆದು, ಹೂವಿನ ಮಡಿಗಳಲ್ಲಿ ಆಲೂಗಡ್ಡೆ, ಕೋಸು ಬೆಳೆದರು. (ಅದೇ ಕಾಲದಲ್ಲಿ ನಮ್ಮಲ್ಲಿಯೂ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಪ್ರಚಾರ ನಡೆದುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು.) ಗುದ್ದಲಿ ಹಿಡಿದು ಅರಿಯದ ನಗರವಾಸಿಗಳಿಗೆ ಥ್ರೋವರ್ ಡರ್ಬಿಯಲ್ಲಿ ಉಪನ್ಯಾಸ ಕೊಟ್ಟು, ಮಾಡಿ ತೋರಿಸಿದರು.

೧೯೪೬ರಲ್ಲಿ ಶ್ರೂಸ್‌ಬರಿ ಪಟ್ಟಣದ ಉದ್ಯಾನಗಳ ಮೇಲ್ವಿಚಾರಕರಾದರು. ಆಗ ಅವರ ವಯಸ್ಸು ಮೂವತ್ತಮೂರು ತುಂಬಿರಲಿಲ್ಲ. ಅಲ್ಲಿಯೇ ೧೯೭೪ರ ವರೆಗೆ ಇದ್ದರು. ವಾಚಕರು ಇದನ್ನು ಗಮನಿಸಬೇಕು: ಇಡೀ ದೇಶವೇ ಗುರುತಿಸುವ ಮನುಷ್ಯನಾದ ಮೇಲೂ ಅವರು ಒಂದು ಸಾಧಾರಣ ಪಟ್ಟಣದ ನೌಕರರಾಗಿಯೇ ಉಳಿದರು.

೧೯೫೦ರ ದಶಕದ ನಡುವಿನಲ್ಲಿ ಬಿ.ಬಿ.ಸಿ. ‘ಗಾರ್ಡನಿಂಗ್ ಕ್ಲಬ್’ ಎಂಬ ಕಾರ್ಯಕ್ರಮ ಆರಂಭಿಸಿತು. ಅದು ೧೯೬೭ರ ವರೆಗೆ ನಡೆಯಿತು. ತೋಟದ ಕಾರ್ಯಕ್ರಮವೆಂದರೆ ತೋಟದಲ್ಲಿ ಚಿತ್ರಿಸಿದುದೆಂದು ತಿಳಿಯಬೇಡಿ. ಸ್ಟುಡಿಯೋದೊಳಕ್ಕೇ ಮಣ್ಣು ತಂದು ಸುರಿದು, ಮಡಿ ಕಟ್ಟಿ, ಗಿಡ ನೆಟ್ಟು, ನೇರ ಪ್ರಸಾರ ಮಾಡುತ್ತಿದ್ದರು. ಅಲ್ಲಿದ್ದ ಗಾಜಿನ ಮನೆಗೆ ಗಾಜೇ ಇರಲಿಲ್ಲ, ಬರಿಯ ಚೌಕಟ್ಟು. ಗಾಜಿದ್ದರೆ ದೀಪಗಳು ಅದರಲ್ಲಿ ಹೊಳೆದು ಚಿತ್ರ ಕೆಡುತ್ತಿತ್ತು. ಥ್ರೋವರ್ ಕೋಟು ಕಳಚಿ, ಟೈ ಹಾಗೆಯೇ ಇರಿಸಿಕೊಂಡು ಕೆಲಸಕ್ಕೆ ತೊಡಗುವರು. ಬಾಯಲ್ಲಿ ಆಗಾಗ ಪೈಪು. ಎಲ್ಲವೂ ಕೃತಕ, ಕೈಯೊಂದು ಮಾತ್ರ ನಿಜ. ಸಸಿಯನ್ನು ಕುಂಡದಿಂದ ಬಿಡಿಸುವಾಗ ಬೆರಳು ಕಾಂಡವನ್ನು ಎಷ್ಟು ಮೆಲ್ಲಗೆ ಹಿಡಿಯಬೇಕು, ಮಣ್ಣನ್ನು ಎಷ್ಟು ಒತ್ತಬೇಕು ಎಂಬುದು ಪುಸ್ತಕದಿಂದಾಗಲಿ ಬಾನುಲಿಯಿಂದಾಗಲಿ ತಿಳಿಯುವುದಿಲ್ಲ. ಟೆಲಿವಿಷನ್ನಿನ ಪ್ರಯೋಜನ ಇರುವುದೇ ಇಲ್ಲಿ. ಮೂವತ್ತು ವರುಷ ಅದೇ ಕೆಲಸ ಮಾಡಿದ ಕೈ ಸುಳ್ಳು ಹೇಳಲಾರದು. ನೋಡುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಅವರ ಪಾಠಕ್ಕೆ ಇನ್ನೊಂದು ಗುಣವಿತ್ತು. ತೋಟಗಾರಿಕೆಯ ಸಿದ್ಧಾಂತವೆಲ್ಲ ಅದರಲ್ಲಿಲ್ಲ. ಈ ವಾರ ಮಾಡಬೇಕಾದ ಕೆಲಸ ಯಾವುದೋ ಅಷ್ಟೇ. ಶುಕ್ರವಾರ ಕಂಡುದನ್ನು ಭಾನುವಾರ ಮಾಡಿ ನೋಡಬಹುದು.

೧೯೬೮ರಲ್ಲಿ ಬಣ್ಣದ ಟೆಲಿವಿಷನ್ನಿಗಾಗಿ ‘ಗಾರ್ಡನರ್ಸ್ ವರ್ಲ್ಡ್’ ಎಂಬ ಹೊಸ ಕಾರ್ಯಕ್ರಮ ಬಂದಿತು. ಮರುವರ್ಷದಿಂದ ಥ್ರೋವರ್ ಅದರ ಮುಖವಾದರು. ಈಗ ಸ್ಟುಡಿಯೋ ಬೇಕಿರಲಿಲ್ಲ. ಶ್ರೂಸ್‌ಬರಿಯ ಬಳಿ ಅವರು ಕಟ್ಟಿಸಿದ್ದ ‘ದಿ ಮ್ಯಾಗ್ನೋಲಿಯಾಸ್’ ಎಂಬ ಮನೆಯ ತೋಟಕ್ಕೇ ಕ್ಯಾಮೆರಾ ಬಂದಿತು. ೧೯೭೪ರಲ್ಲಿ ರಾಜಮನ್ನಣೆಯ ತೋಟಗಾರಿಕಾ ಸಂಘವು ತನ್ನ ಅತ್ಯುಚ್ಚ ಪದಕವನ್ನು ಕೊಟ್ಟು ಗೌರವಿಸಿತು.

ಇಷ್ಟು ಎತ್ತರಕ್ಕೇರಿದವರು ೧೯೭೬ರಲ್ಲಿ ಆ ಕಾರ್ಯಕ್ರಮದಿಂದ ಹೊರಬಿದ್ದರು. ಕಾರಣ ಸರಳ. ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ರಾಸಾಯನಿಕ ಕಂಪನಿಯ ತೋಟದ ಸರಕುಗಳಿಗೆ ಜಾಹೀರಾತಿನಲ್ಲಿ ಕಾಣಿಸಿಕೊಳ್ಳಲು ಅವರು ಒಪ್ಪಿದರು. ಅದು ಪ್ರಸಾರವಾಗುವುದು ವಾಣಿಜ್ಯ ಟೆಲಿವಿಷನ್ನಿನಲ್ಲಿ. ಜಾಹೀರಾತನ್ನೇ ಹಾಕದ ಬಿ.ಬಿ.ಸಿ. ಅವರನ್ನು ಕೈಬಿಟ್ಟಿತು.

ಇದರ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಥ್ರೋವರರ ಪರವಾಗಿ ಹೇಳಬೇಕಾದರೆ, ರಾಸಾಯನಿಕಗಳ ಬಳಕೆಯನ್ನು ಅವರು ಮೊದಲಿನಿಂದಲೂ ಒಪ್ಪಿದ್ದವರು. ಹಣಕ್ಕಾಗಿ ನಾಲಿಗೆ ಹೊರಳಿಸಿದವರಲ್ಲ. ತಾವು ಬಳಸುವುದನ್ನೇ ಬಳಸಿರೆಂದರು. ಅದರಲ್ಲಿ ತಪ್ಪೇನು? ಆದರೆ ನೋಡುವವನ ಕಡೆಯಿಂದ ಯೋಚಿಸೋಣ. ನಿನ್ನೆಯವರೆಗೆ ‘ಈ ಹುಳಕ್ಕೆ ಈ ಔಷಧಿ’ ಎಂದಾಗ ಅದು ಬಲ್ಲವನ ಮಾತು. ಇಂದು ಅದೇ ಮಾತನ್ನು ಅಂದಾಗ, ಇದು ಗಿಡಕ್ಕಾಗಿ ಹೇಳಿದುದೋ ಅಂಗಡಿಗಾಗಿ ಹೇಳಿದುದೋ ಎಂಬ ಸಂದೇಹ. ಮಾತು ಬದಲಾಗಲಿಲ್ಲ, ಮಾತಿನ ಬೆಲೆ ಬದಲಾಯಿತು. ನನ್ನ ಮಟ್ಟಿಗೆ ಬಿ.ಬಿ.ಸಿ. ಮಾಡಿದುದು ಕಠಿನವಾದರೂ ಸರಿಯೇ.

ಮಕ್ಕಳ ‘ಬ್ಲೂ ಪೀಟರ್’ ಕಾರ್ಯಕ್ರಮದಲ್ಲಿ ಮಾತ್ರ ಅವರು ಉಳಿದರು. ಅಲ್ಲಿ ೧೯೭೪ರಲ್ಲಿ ಒಂದು ಪುಟ್ಟ ತೋಟ ಮಾಡಿದ್ದರು. ೧೯೮೩ರಲ್ಲಿ ಕಿಡಿಗೇಡಿಗಳು ಅದನ್ನು ಹಾಳುಗೆಡವಿದಾಗ ಇಡೀ ದೇಶದ ಮಕ್ಕಳು ನೊಂದರು. ೧೯೮೮ ಮಾರ್ಚ್ ೧೮ರಂದು ಥ್ರೋವರ್ ತೀರಿಕೊಂಡರು.

ನಮ್ಮ ನಾಡಿನಲ್ಲಿ ಈ ಕೆಲಸ ಬೇರೆ ಹಾದಿಯಲ್ಲಿ ನಡೆಯಿತು. ಹಾರ್ವರ್ಡಿನಲ್ಲಿ ಓದಿ ೧೯೫೧ರಲ್ಲಿ ಮರಳಿ ಲಾಲ್‌ಬಾಗಿನ ಹೊಣೆ ಹೊತ್ತ ಡಾ. ಎಂ. ಎಚ್. ಮರಿಗೌಡರು ಪರದೆಯ ಮೇಲೆ ನಿಂತು ಕಲಿಸಲಿಲ್ಲ. ರಾಜ್ಯದ ಉದ್ದಗಲಕ್ಕೂ ಇಲಾಖೆಯ ತೋಟ, ಸಸ್ಯಕ್ಷೇತ್ರಗಳನ್ನು ಎಬ್ಬಿಸಿ, ರೈತನ ಕೈಗೆ ಸಸಿಯನ್ನೇ ಇತ್ತರು. ಬೆಳೆದುದನ್ನು ಮಾರಲು ೧೯೫೯ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟುವುದಕ್ಕೂ ಕಾರಣರಾದರು. ಅದೇ ಇಂದಿನ ಹಾಪ್‌ಕಾಮ್ಸ್. ಸಲಹೆ, ಸಸಿ, ಮಾರುಕಟ್ಟೆ ಮೂರೂ ಒಂದೆಡೆ ಇದ್ದರೆ ಸಲಹೆಗಾರನು ಅಂಗಡಿಯ ಹಂಗಿನಲ್ಲಿ ಇರಬೇಕಾಗಿಲ್ಲ.

ಇನ್ನು ನಮ್ಮ ಮೂರು ತಾಲ್ಲೂಕುಗಳ ಮಾತು. ಇಂದು ಪರದೆ ಪ್ರತಿಯೊಬ್ಬನ ಜೇಬಿನಲ್ಲಿಯೇ ಇದೆ. ಗಿಡ ಬಾಡಿತೆಂದರೆ ಫೋನು ತೆರೆದು ನೋಡುತ್ತೇವೆ. ಯಾರೋ, ಎಲ್ಲಿಯದೋ ಮಣ್ಣಿನಲ್ಲಿ ನಿಂತು ಹೇಳುತ್ತಾರೆ. ಹೇಳುವವನು ಗೊಬ್ಬರ ಮಾರುವವನೋ ಅಲ್ಲವೋ ತಿಳಿಯುವುದಿಲ್ಲ. ಇತ್ತ ಹತ್ತಿಗೆ, ಮೆಣಸಿನ ಗಿಡಕ್ಕೆ ಹುಳು ಬಿದ್ದರೆ ರೋಗ ಹೇಳುವವನೂ ಔಷಧಿ ಮಾರುವವನೂ ಹಲವೆಡೆ ಒಬ್ಬನೇ ಅಂಗಡಿಕಾರ. ಥ್ರೋವರರನ್ನು ಕೆಲಸದಿಂದ ತೆಗೆಯಲು ಸಾಕಾದ ಕಾರಣ ನಮ್ಮಲ್ಲಿ ದಿನನಿತ್ಯದ ವ್ಯವಹಾರ!

ಮಣ್ಣಿನ ವಿಚಾರವಂತೂ ಹೇಳಲೇಬೇಕು. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿರಿಯುತ್ತದೆ. ಮಳೆ ಬಿದ್ದೊಡನೆ ಉಬ್ಬಿ, ಅಂಟಿ, ನೀರು ಬಸಿಯಗೊಡದೆ ನಿಲ್ಲಿಸಿಕೊಳ್ಳುತ್ತದೆ. ಅಲ್ಲಿ ಲಿಂಬೆಯನ್ನು ತಗ್ಗಿನಲ್ಲಿ ನೆಟ್ಟರೆ ಬೇರು ಕೊಳೆಯುತ್ತದೆ; ದಿಬ್ಬ ಮಾಡಿ ನೆಡಬೇಕು. ಮಸಾರಿ ಭೂಮಿಯಲ್ಲಿ ಇದಕ್ಕೆ ವಿರುದ್ಧ: ನೀರು ನಿಲ್ಲದು, ಬುಡಕ್ಕೆ ಹುಲ್ಲು ಹೊದಿಸಿ ತೇವ ಕಾಯಬೇಕು. ನಾರಾಯಣಪುರದ ಕಾಲುವೆ ಬಂದ ಶಹಾಪುರ, ಸುರಪುರದ ಕಡೆ ನೀರು ಹೆಚ್ಚಾಗಿ ಸವಳೇಳುವ ಹೊಲಗಳ ಚಿಂತೆ ಬೇರೆ. ಒಂದೇ ಜಿಲ್ಲೆಯಲ್ಲಿ ಮೂರು ಪಾಠ ಬೇಕು. ಹೊರಗಿನವನ ಒಂದು ಪಾಠ ಏನು ಮಾಡೀತು? ಥ್ರೋವರ್ ತಮ್ಮ ಚಳಿನಾಡಿನಲ್ಲಿ ಟೊಮೇಟೊಗೆ ಗಾಜಿನ ಮನೆ ಬೇಕೆಂದುದು ಸರಿ. ನಮ್ಮ ಮೇ ತಿಂಗಳ ಬಿಸಿಲಿಗೆ ಬೇಕಾದುದು ನೆರಳಿನ ಚಪ್ಪರ. ಅವರ ಪಂಚಾಂಗ ವಾರದ ಲೆಕ್ಕ, ನಮ್ಮದು ಮಳೆ ನಕ್ಷತ್ರದ ಲೆಕ್ಕ.

ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಅಲ್ಲಿ ಓದಿದ ತರುಣನೊಬ್ಬ ಇಲ್ಲಿಯದೇ ಹಿತ್ತಲಲ್ಲಿ ನಿಂತು, ನಮ್ಮದೇ ಮಾತಿನಲ್ಲಿ, ಯಾವ ಅಂಗಡಿಯ ಹೆಸರನ್ನೂ ಎತ್ತದೆ, ವಾರಕ್ಕೊಂದು ಕೆಲಸ ಮಾಡಿ ತೋರಿಸಬಾರದೇಕೆ? ಮೊದಲ ಪಾಠಕ್ಕೆ ಹೆಚ್ಚಿನದೇನೂ ಬೇಡ. ಬೇಸಿಗೆಯಲ್ಲಿ ಗುಂಡಿ ತೋಡಿ ಬಿಸಿಲಿಗೆ ಬಿಡುವುದು. ರೋಹಿಣಿ ಮಳೆಗೆ ಮುಂಚೆ ಮೇಲ್ಮಣ್ಣನ್ನೂ ಕೊಳೆತ ತಿಪ್ಪೆಗೊಬ್ಬರವನ್ನೂ ಬೆರೆಸಿ ತುಂಬುವುದು. ಮೃಗಶಿರಾ ಬಿದ್ದು ಮಣ್ಣು ಕುಳಿತ ಮೇಲೆ ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ನೀರು ಹರಿದು ಬರುವ ಕಡೆ, ದಿಬ್ಬದ ಮೇಲೆ, ಒಂದು ಲಿಂಬೆ.