ಖಾರ ಕಡಿಮೆ, ಕೆಂಪು ಹೆಚ್ಚು: ಭಾಗ್ಯನಗರದ ಕನ್ನಡಿಗರ ಅಡುಗೆಮನೆಯಲ್ಲಿ ಬ್ಯಾಡಗಿ

ಹೈದರಾಬಾದ್: ಬೇಸಿಗೆ ಬಂತೆಂದರೆ ನಗರದ ಕನ್ನಡಿಗರ ಮನೆಗಳಲ್ಲಿ ತಪ್ಪದೆ ಏಳುವ ಪ್ರಶ್ನೆ ಒಂದಿದೆ. ಈ ಸಲ ಊರಿನಿಂದ ಬ್ಯಾಡಗಿ ಮೆಣಸಿನಕಾಯಿ ತರುವವರು ಯಾರು? ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬರುವ ನೆಂಟರ ಚೀಲದಲ್ಲಿ ಹಪ್ಪಳ, ಶೇಂಗಾ ಚಟ್ನಿಪುಡಿಯ ಜೊತೆಗೆ ಎರಡು ಕಿಲೋ ಬ್ಯಾಡಗಿ ಇದ್ದರೆ ವರ್ಷದ ಸಾರಿನ ಪುಡಿಗೆ ಚಿಂತೆಯಿಲ್ಲ.

ಗುಂಟೂರು, ಖಮ್ಮಂ, ವರಂಗಲ್‌ಗಳಂಥ ಮೆಣಸಿನಕಾಯಿಯ ಕಣಜಗಳು ಪಕ್ಕದಲ್ಲೇ ಇರುವಾಗ ನೂರಾರು ಕಿಲೋಮೀಟರ್ ದೂರದಿಂದ ಇದನ್ನು ಹೊತ್ತು ತರುವುದೇಕೆ ಎಂದು ನೆರೆಮನೆಯ ತೆಲುಗು ಗೃಹಿಣಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವೂ ಗಟ್ಟಿಯಾಗಿದೆ.

ಖಾರ ಬೇರೆ, ಬಣ್ಣ ಬೇರೆ

ಮೆಣಸಿನಕಾಯಿಗೆ ಖಾರ ಕೊಡುವುದು ಕ್ಯಾಪ್ಸೈಸಿನ್, ಕೆಂಪು ಕೊಡುವುದು ಕ್ಯಾಪ್ಸಾಂಥಿನ್. ಇವೆರಡೂ ಬೇರೆ ಬೇರೆ ವಸ್ತುಗಳು. ಕೆಂಪಗಿದ್ದದ್ದೆಲ್ಲ ಖಾರವಾಗಿರಬೇಕೆಂದಿಲ್ಲ. ಖಾರ ಅಳೆಯಲು ಅಮೆರಿಕದ ವಿಲ್ಬರ್ ಸ್ಕೋವಿಲ್ 1912ರಲ್ಲಿ ಒಂದು ಮಾಪನ ರೂಪಿಸಿದರು. ಅದರಂತೆ ಗುಂಟೂರು ಸಣ್ಣಂ ತಳಿಗೆ ಸಾಮಾನ್ಯವಾಗಿ 35,000ದಿಂದ 40,000 ಅಂಕ, ಬ್ಯಾಡಗಿಗೆ 8,000ದಿಂದ 15,000 ಅಂಕ ಎಂದು ಹೇಳಲಾಗುತ್ತದೆ. ಅಂದರೆ ಒಂದು ಚಮಚ ಗುಂಟೂರು ಪುಡಿಯ ಖಾರಕ್ಕೆ ಸುಮಾರು ಮೂರು ಚಮಚ ಬ್ಯಾಡಗಿ ಪುಡಿ ಬೇಕು.

ತೊಂದರೆ ಇರುವುದು ಈ ಲೆಕ್ಕದಲ್ಲೇ. ಬಿಸಿಬೇಳೆಭಾತಿಗೆ ಬೇಕಾದ ಕೆಂಪು ಬರುವಷ್ಟು ಗುಂಟೂರು ಪುಡಿ ಹಾಕಿದರೆ ಮಕ್ಕಳು ಮತ್ತು ವಯಸ್ಸಾದವರು ಬಾಯಿಗೆ ಇಡುವಂತಿಲ್ಲ. ತಿನ್ನುವಷ್ಟೇ ಹಾಕಿದರೆ ಭಾತು ಬಿಳಿಚಿಕೊಳ್ಳುತ್ತದೆ. ಹಿರಿಯರು ಒಂದು ತಟ್ಟೆ, ಕಿರಿಯರು ಒಂದು ತಟ್ಟೆ ಎಂದು ಮನೆಯ ಊಟ ಎರಡು ಪಾತ್ರೆಗೆ ಹಂಚಿಹೋಗುವುದು ಇಲ್ಲಿಂದಲೇ. ಬ್ಯಾಡಗಿ ಇದ್ದರೆ ಒಂದೇ ಪಾತ್ರೆ ಸಾಕು. ಮಂಗಳೂರಿನ ಕೋರಿ ಗಸಿ, ಉಡುಪಿಯ ಸಾಂಬಾರು, ಹಳೆ ಮೈಸೂರಿನ ಸಾರು ನಿಂತಿರುವುದೂ ಈ ಕಾಯಿಯ ಮೇಲೆಯೇ. ರಾಯಚೂರು, ಕಲಬುರಗಿ ಕಡೆಯವರು ಮಾತ್ರ ಖಾರದಲ್ಲಿ ತೆಲುಗರಿಗೆ ಕಡಿಮೆಯವರಲ್ಲ. ಅವರೂ ಬಣ್ಣಕ್ಕೆಂದು ಸ್ವಲ್ಪ ಬ್ಯಾಡಗಿ ಬೆರೆಸುವುದುಂಟು.

ಹಾವೇರಿ ಜಿಲ್ಲೆಯ ಬ್ಯಾಡಗಿ ಪಟ್ಟಣದ ಹೆಸರನ್ನೇ ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಡ್ಡಿ, ಡಬ್ಬಿ ಎಂದು ಇದರಲ್ಲಿ ಎರಡು ಬಗೆ. ಕಡ್ಡಿ ಉದ್ದ ಮತ್ತು ಸಪೂರ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ ಮತ್ತು ದಪ್ಪ. ಮಸಾಲೆಗೆ ಇದಕ್ಕೇ ಬೇಡಿಕೆ ಹೆಚ್ಚು. ಬ್ಯಾಡಗಿಯಿಂದ ತೆಗೆದ ಓಲಿಯೋರೆಸಿನ್ ಆಹಾರಕ್ಕಷ್ಟೇ ಅಲ್ಲದೆ ಲಿಪ್‌ಸ್ಟಿಕ್, ಉಗುರುಬಣ್ಣಕ್ಕೂ ಹೋಗುತ್ತದೆ.

ಬಳಸುವ ಬಗೆ

ಬ್ಯಾಡಗಿಯ ಕೆಂಪು ನೀರಿಗೆ ಬಿಡುವುದಕ್ಕಿಂತ ಎಣ್ಣೆಗೆ ಚೆನ್ನಾಗಿ ಬಿಡುತ್ತದೆ. ಆದರೆ ಪುಡಿಯಲ್ಲಿ ಸಕ್ಕರೆಯ ಅಂಶ ಇರುವುದರಿಂದ ಹೊಗೆಯಾಡುವ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಒಲೆ ಸಣ್ಣ ಮಾಡಿ, ಈರುಳ್ಳಿ ಅಥವಾ ಟೊಮೇಟೊ ನೀರು ಬಿಟ್ಟ ಮೇಲೆ ಪುಡಿ ಹಾಕಿ ಒಂದು ನಿಮಿಷ ಕೈಯಾಡಿಸಿದರೆ ಸಾಕು. ದೂರದ ಹಂಗೇರಿಯಲ್ಲಿ ಪಪ್ರಿಕಾ ಪುಡಿ ಹಾಕುವ ಮುನ್ನ ಪಾತ್ರೆಯನ್ನೇ ಒಲೆಯಿಂದ ಇಳಿಸುವ ರೂಢಿ ಇದೆ. ಕಾರಣ ಒಂದೇ.

ಸಾರಿನ ಪುಡಿಗೆ ಇಡೀ ಕಾಯಿಯನ್ನು ನಾಲ್ಕು ಹನಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಗರಿಗರಿ ಆಗುವಷ್ಟೇ ಹುರಿಯಬೇಕು. ಗಸಿ, ಚಟ್ನಿಗಾದರೆ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ರುಬ್ಬಿದರೆ ಬಣ್ಣ ಪೂರ್ತಿ ಬರುತ್ತದೆ. ಖಾರ ಇನ್ನೂ ಇಳಿಯಬೇಕಾದರೆ ಒಳಗಿನ ಬಿಳಿಯ ತಿರುಳನ್ನು ತೆಗೆಯಬೇಕು. ಖಾರ ಇರುವುದು ಆ ತಿರುಳಿನಲ್ಲಿ; ಬೀಜಕ್ಕೆ ಅಂಟುವುದು ಅಲ್ಲಿಂದಲೇ. ಹಾಗಿದ್ದೂ ಬ್ಯಾಡಗಿ ಖಾರವೇ ಇಲ್ಲದ ಕಾಯಿ ಅಲ್ಲ. ಹೊಟ್ಟೆ ಉರಿಯುವವರು ಅಳತೆ ಮೀರಬಾರದು.

ಗಿರಣಿಗೆ ಒಯ್ಯುವವರು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಮುಂಚೆ ಬೀಸಿದ್ದು ಖಾರದ ಮೆಣಸಿನಕಾಯಿ ಆಗಿದ್ದರೆ ಕಲ್ಲಿನಲ್ಲಿ ಉಳಿದ ಪುಡಿ ನಮ್ಮದರಲ್ಲಿ ಬೆರೆಯುತ್ತದೆ. ಬೀಸಿದ ಪುಡಿಯನ್ನು ಬೆಳಕು, ತೇವ ತಾಗದ ಡಬ್ಬಿಯಲ್ಲಿಡಬೇಕು. ಕಿಟಕಿಯ ಬಳಿಯ ಗಾಜಿನ ಬಾಟಲಿಯಲ್ಲಿಟ್ಟ ಪುಡಿ ಕೆಲವೇ ತಿಂಗಳಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಕೊಳ್ಳುವಾಗ ಎಚ್ಚರ

ಬೆಲೆ ಹೆಚ್ಚಿರುವ ಕಡೆ ಕಲಬೆರಕೆಯೂ ಬರುತ್ತದೆ. ಮೆಣಸಿನ ಪುಡಿಗೆ ಬೆರೆಸುತ್ತಿದ್ದ ಸುಡಾನ್ ಎಂಬ ಕೈಗಾರಿಕಾ ಬಣ್ಣ 2003ರಲ್ಲಿ ಭಾರತದ ರಫ್ತಿಗೇ ಕೆಟ್ಟ ಹೆಸರು ತಂದಿತ್ತು. ಒಂದು ಲೋಟ ನೀರಿನ ಮೇಲೆ ಪುಡಿ ಉದುರಿಸಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ಆದರೆ ಸುಡಾನ್ ಎಣ್ಣೆಯಲ್ಲಿ ಕರಗುವ ಬಣ್ಣ; ಈ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಇಡೀ ಕಾಯಿ ಕೊಂಡು ಬೀಸಿಸುವುದೇ ಕ್ಷೇಮ. ಮೈ ಸುಕ್ಕುಗಟ್ಟಿ, ಕಡುಗೆಂಪಾಗಿ, ಘಮ ಇದ್ದರೆ ಸರಿ. ನುಣುಪಾಗಿ ಹೊಳೆಯುವ ಕಾಯಿಯನ್ನು ಬ್ಯಾಡಗಿ ಎಂದರೆ ನಂಬುವುದು ಕಷ್ಟ.

ಊರಿನ ದಾರಿ ಕಾಯಲಾಗದವರಿಗೆ ತೆಲಂಗಾಣದಲ್ಲೇ ಒಂದು ಆಸರೆ ಇದೆ. ವರಂಗಲ್ ಭಾಗದ ಚಪಾಟ ಮೆಣಸಿನಕಾಯಿಗೆ 2025ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಟೊಮೇಟೊ ಹಣ್ಣಿನಂತೆ ಕಾಣುವುದರಿಂದ ಟೊಮೇಟೊ ಮಿರ್ಚಿ ಎಂದೂ ಕರೆಯುತ್ತಾರೆ. ಇದಕ್ಕೂ ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿಯದೇ ರುಚಿ ಎನ್ನಲಾಗದಿದ್ದರೂ ಉಪ್ಪಿನಕಾಯಿಗೆ, ದಿನದ ಪಲ್ಯಕ್ಕೆ ಧಾರಾಳವಾಗಿ ಬಳಸಬಹುದು.

ಬೆಳೆದವರ ಪಾಲು

ಇಲ್ಲಿ ದುಬಾರಿಯೆನಿಸುವ ಬ್ಯಾಡಗಿ ಬೆಳೆದವರಿಗೆ ಯಾವಾಗಲೂ ಲಾಭ ತರುವುದಿಲ್ಲ. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿ ಮಾರುಕಟ್ಟೆಯ ಎಪಿಎಂಸಿ ಕಚೇರಿಗೆ ನುಗ್ಗಿದರು; ವಾಹನಗಳಿಗೆ ಬೆಂಕಿ ಬಿತ್ತು. ಆ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರಿನಿಂದಲೂ ಆಂಧ್ರದಿಂದಲೂ ಮಾಲು ಬರುತ್ತದೆ. ಆಂಧ್ರದ ರೈತ ಬೆಳೆದದ್ದನ್ನು ಬ್ಯಾಡಗಿಗೆ ಒಯ್ಯುತ್ತಾನೆ, ಇಲ್ಲಿನ ಕನ್ನಡಿಗ ಬ್ಯಾಡಗಿಯಿಂದ ತರಿಸಿಕೊಳ್ಳುತ್ತಾನೆ.

ಹತ್ತಾರು ಮನೆಯವರು ಸೇರಿ ಸುಗ್ಗಿಯ ಕಾಲದಲ್ಲಿ, ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ, ಒಟ್ಟಿಗೆ ಒಂದು ಚೀಲ ತರಿಸಿ ಹಂಚಿಕೊಂಡರೆ ಸಾಗಣೆ ಖರ್ಚು ಉಳಿಯುತ್ತದೆ, ಹೊಸ ಮಾಲೂ ಸಿಗುತ್ತದೆ. ಯುಗಾದಿಯೊಳಗೆ ಬಿಸಿಲಿಗೆ ಹರವಿ, ತೊಟ್ಟು ಬಿಡಿಸಿ, ಬೀಸಿಸಿಟ್ಟರೆ ಮುಂದಿನ ಸುಗ್ಗಿಯವರೆಗೆ ಸಾರಿನ ಕೆಂಪಿಗೆ ಕೊರತೆ ಇರದು.