ಕಾಡಿನ ಬೆಂಕಿ: ಆರಿಸಬೇಕೋ, ಹಚ್ಚಬೇಕೋ?

ಬೇಸಿಗೆ ಹತ್ತಿರ ಬಂದರೆ ತಾಳವಾಡಿ, ಹಾಸನೂರು, ಗೂಡಲೂರು ಕಡೆಯ ಮಕ್ಕಳಿಗೆ "ಕಾಡಿಗೆ ಬೆಂಕಿ ಹಚ್ಚಬೇಡಿ" ಅಂತ ಹೇಳುತ್ತೇವೆ. ಅದೇ ಮಕ್ಕಳು ಅರಣ್ಯ ಇಲಾಖೆಯವರು ರಸ್ತೆ ಬದಿಯ ಹುಲ್ಲನ್ನು ತಾವೇ ಸುಡುವುದನ್ನೂ ನೋಡಿರುತ್ತಾರೆ. "ಸಾರ್, ಅವರು ಮಾತ್ರ ಹಚ್ಚಬಹುದಾ?" ಅಂತ ಯಾರಾದರೂ ಕೇಳಿದರೆ ಗದರಿಸಬೇಡಿ. ಒಳ್ಳೇ ಪ್ರಶ್ನೆ ಅದು, ಉತ್ತರ ದಹನದ ಪಾಠದಲ್ಲೇ ಇದೆ.

ಬೆಂಕಿಗೆ ಇಂಧನ, ಆಮ್ಲಜನಕ, ಜ್ವಲನ ತಾಪ ಮೂರೂ ಬೇಕು. ಕಾಡಿನಲ್ಲಿ ಗಾಳಿಯನ್ನು ತಡೆಯೋಕಾಗಲ್ಲ. ಕಿಡಿ ಎಲ್ಲಿಂದ ಬೀಳುತ್ತದೋ ಗೊತ್ತಾಗಲ್ಲ. ನಮ್ಮ ಕಡೆ ಬಹುಪಾಲು ಮನುಷ್ಯರಿಂದಲೇ. ನಮ್ಮ ಕೈಗೆ ಸಿಗುವುದು ಇಂಧನ ಒಂದೇ. ಬೆಂಕಿ ರೇಖೆ ಅಂದರೆ ಇದೇ: ಉರಿಯುವಂಥದ್ದನ್ನು ಮೊದಲೇ ಸುಟ್ಟು ಖಾಲಿ ಪಟ್ಟಿ ಮಾಡುವುದು. ಗುಡ್ಡದ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ಉರಿಯುವ ಕಡ್ಡಿಯ ತಲೆ ಕೆಳಗೆ ಮಾಡಿ ಹಿಡಿದರೆ ಬೆಂಕಿ ಸರಸರನೆ ಬೆರಳಿಗೇ ಬರುತ್ತದಲ್ಲ, ಗುಡ್ಡ ಹತ್ತುವ ಬೆಂಕಿಯೂ ಹಾಗೇ ಮೇಲಿನ ಹುಲ್ಲನ್ನು ಮುಂಚೆಯೇ ಕಾಯಿಸಿಕೊಂಡು ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡು ಪಟ್ಟು ಅನ್ನುವುದು ಬೆಂಕಿ ಆರಿಸುವವರ ಅಂದಾಜು.

ಹಾಗಾದರೆ ಕಂಡ ಬೆಂಕಿಯನ್ನೆಲ್ಲ ಆರಿಸಿಬಿಟ್ಟರೆ? ಅಮೆರಿಕ ಇದನ್ನು ಮಾಡಿ ನೋಡಿದೆ. 1910ರಲ್ಲಿ ಇಡಾಹೊ, ಮೊಂಟಾನಾ ಕಡೆ ಸುಮಾರು 30 ಲಕ್ಷ ಎಕರೆ ಸುಟ್ಟುಹೋದ ಮೇಲೆ ಅಲ್ಲಿನ ಅರಣ್ಯ ಸೇವೆಗೆ ಬೆಂಕಿ ಅಂದರೆ ಶತ್ರು. 1935ರಲ್ಲಿ ಒಂದು ನಿಯಮ ಬಂತು: ಇವತ್ತು ಕಂಡ ಬೆಂಕಿ ನಾಳೆ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು. ಮೊದಲೆಲ್ಲ ಆಗಾಗ ನೆಲಮಟ್ಟದಲ್ಲಿ ಉರಿದುಹೋಗುತ್ತಿದ್ದ ಪೈನ್ ಕಾಡುಗಳಲ್ಲಿ ತರಗು, ಪೊದೆ, ಎಳೆ ಮರ ದಶಕಗಟ್ಟಲೆ ಒಟ್ಟಿಕೊಂಡವು. ಆಮೇಲೆ ಹತ್ತಿದ ಬೆಂಕಿ ಮರದ ತುದಿಗೇ ಏರಿತು. 1978ರಲ್ಲಿ ಆ ನಿಯಮ ಕೈಬಿಟ್ಟರು.

ನಮಗೆ ಹತ್ತಿರದ ಉದಾಹರಣೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಸೋಲಿಗರು ಬೇಸಿಗೆಯ ಶುರುವಿನಲ್ಲೇ "ತರಗು ಬೆಂಕಿ" ಹಾಕುತ್ತಿದ್ದರು. ಆಗ ನೆಲದಲ್ಲಿ ಇನ್ನೂ ಪಸೆ ಇರುತ್ತದೆ, ತರಗೂ ಕಡಿಮೆ. ಹಾಗಾಗಿ ಬೆಂಕಿ ಮೊಣಕಾಲೆತ್ತರಕ್ಕೆ ನಿಲ್ಲುತ್ತದೆ, ದಪ್ಪ ತೊಗಟೆಯ ಮರ ಉಳಿಯುತ್ತದೆ. 1974ರಲ್ಲಿ ಅದು ಅಭಯಾರಣ್ಯವಾಯಿತು. 1972ರ ವನ್ಯಜೀವಿ ಕಾಯ್ದೆಯ 30ನೇ ಕಲಂ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ. ತರಗು ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದೇ ಆ ಬೆಂಕಿ ನಿಂತಿದ್ದರಿಂದ, ನೆಲ್ಲಿಮರಕ್ಕೆ ಬಂದಣಿಕೆ ಹೆಚ್ಚಿದ್ದೂ ಅದರಿಂದಲೇ ಅನ್ನುತ್ತಾರೆ ಸೋಲಿಗ ಹಿರಿಯರು.

ವಿಜ್ಞಾನಿಗಳ ಮಾತು ಮೊದಲು ಬೇರೆಯೇ ಇತ್ತು. ಅಂಕಿಲಾ ಹಿರೇಮಠ, ಭರತ್ ಸುಂದರಂ 2005ರಲ್ಲಿ ಮುಂದಿಟ್ಟ ಊಹೆ ಹೀಗೆ: ಬೆಂಕಿ ಲಂಟಾನವನ್ನು ಬೆಳೆಸುತ್ತದೆ, ಒಣಗಿದ ಲಂಟಾನ ಮತ್ತೆ ಬೆಂಕಿಯನ್ನು ಬೆಳೆಸುತ್ತದೆ. ಆದರೆ ಬಿಳಿಗಿರಿಯಲ್ಲಿ 1997ರಲ್ಲಿ ಅಳೆದಿದ್ದ ಜಾಗಗಳನ್ನು 2008ರಲ್ಲಿ ಮತ್ತೆ ನೋಡಿದಾಗ, ಬೆಂಕಿ ತಡೆದ ಕಾಲದಲ್ಲೇ ಲಂಟಾನ ಸುಮಾರು ದುಪ್ಪಟ್ಟು ಕಡೆ ಕಾಣಿಸಿತು. ಆಮೇಲಿನ ತಮ್ಮ ಅಧ್ಯಯನದಲ್ಲಿ ಅವರು ಸೋಲಿಗರ ಮಾತನ್ನೂ ಸೇರಿಸಿಕೊಂಡರು. ಊಹೆ, ಅಳತೆ, ತಿದ್ದುಪಡಿ: ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆ ಕಥೆ ನನಗೆ ಸಿಕ್ಕಿಲ್ಲ.

ಹಾಗಂತ ನಾಳೆಯೇ ಹಳೇ ಪದ್ಧತಿಗೆ ಮರಳೋಕಾಗಲ್ಲ. ಲಂಟಾನ ಈಗ ಆಳೆತ್ತರ ಇದೆ. ನೆಲದ ಬೆಂಕಿಗೆ ಅದು ಏಣಿ ಇಟ್ಟ ಹಾಗೆ. ಸುಟ್ಟ ಮೇಲೂ ಬುಡದಿಂದ ಚಿಗುರುತ್ತದೆ. ಅದನ್ನು ಕಿತ್ತು ಹುಲ್ಲು ಬರಿಸಿದ ಜಾಗದಲ್ಲಿ ಮಾತ್ರ, ಗಾಳಿ ನೋಡಿ, ಜನ ಇಟ್ಟುಕೊಂಡು, ಸಣ್ಣ ಬೆಂಕಿಯ ಪ್ರಯೋಗಕ್ಕೆ ಅವಕಾಶ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಅದೂ ಎಲೆ ಉದುರಿಸುವ ಒಣ ಕಾಡಿಗಷ್ಟೇ. ಮೇಲಿನ ಶೋಲಾ ಕಾಡಿನ ಮರಗಳು ತೆಳು ಬೆಂಕಿಯನ್ನೂ ತಾಳುವುದಿಲ್ಲ.